ಪ್ಲೇಟಿಂಗ್ ಕೆಟ್ಟರೆ ಮೊದಲು ನೀರು ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿ ಕಡೆಯ ಪ್ಲೇಟಿಂಗ್ ಅಂಗಡಿಗಳಲ್ಲಿ, ಅಂದರೆ ಕರೆಂಟ್ ಕೊಟ್ಟು ಒಂದು ಲೋಹದ ಮೇಲೆ ಇನ್ನೊಂದರ ಪದರ ಕೂರಿಸುವ ಕಡೆ, ದೂರುಗಳು ಶುರುವಾಗುತ್ತವೆ. ನಿಕಲ್ ಮೇಲೆ ಬೆರಳು ಆಡಿಸಿದರೆ ತರಿತರಿ. ಜಿಂಕ್ ಮಂಕು. ಬೋಲ್ಟ್ ಕೊಟ್ಟವರು ವಾಪಸ್ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಆಗ ಎಲ್ಲರಿಗೂ ಅನುಮಾನ ಬರುವುದು ಕೆಮಿಕಲ್ ಮೇಲೆ, ಇಲ್ಲಾಂದ್ರೆ ಕರೆಂಟ್ ಕೊಡುವ ರೆಕ್ಟಿಫೈಯರ್ ಮೇಲೆ. "ಮೇಡಂ, ಇನ್ನೊಂದಿಷ್ಟು ಬ್ರೈಟ್ನರ್ ಹಾಕ್ರಿ, ಸರಿ ಆಗ್ತದ" ಅಂತ ಲೈನ್ ಮೇಲಿನ ಅಣ್ಣ ಹೇಳುತ್ತಾರೆ. ಹೊಳಪು ಕೊಡುವ ಈ ಬ್ರೈಟ್ನರ್ ಹಾಕಿದರೆ ಆ ದಿನ ಕೆಲಸ ನಡೆಯುತ್ತದೆ ಕೂಡ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ.

ನಾನು ಕಪನೂರ ಕೈಗಾರಿಕಾ ಪ್ರದೇಶದ ಕಡೆ ಒಂದು ಸಣ್ಣ ಪ್ಲೇಟಿಂಗ್ ಘಟಕದಲ್ಲಿ ಕೆಮಿಸ್ಟ್. ಊರು ಬೀದರ್ ಜಿಲ್ಲೆ. ದಾಲ್ ಮಿಲ್ಲಿನ ಬಿಡಿಭಾಗ, ಸಿಮೆಂಟ್ ಫ್ಯಾಕ್ಟರಿಗಳ ನಟ್ಟು ಬೋಲ್ಟು, ಹೈಡ್ರಾಲಿಕ್ ರಾಡು, ಒಮ್ಮೊಮ್ಮೆ ಗುಡಿಯ ಹಿತ್ತಾಳೆ ಸಾಮಾನು, ಇವು ನಮ್ಮಲ್ಲಿ ಬರುವ ಜಾಬ್‌ಗಳು. ಇಷ್ಟು ವರ್ಷ ಟ್ಯಾಂಕುಗಳ ನಡುವೆ ಓಡಾಡಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ನಮ್ಮ ಕಡೆ ಪ್ಲೇಟಿಂಗ್ ಕೆಡುವುದು ಕೆಮಿಕಲ್‌ನಿಂದ ಕಡಿಮೆ, ನೀರಿನಿಂದ ಮತ್ತು ಬಿಸಿಲಿನಿಂದ ಜಾಸ್ತಿ. ಪುಸ್ತಕದ ಫಾರ್ಮುಲಾ ಬರೆದವರ ಊರಿನಲ್ಲಿ ಈ ನೀರೂ ಇರಲಿಲ್ಲ, ಈ ಬಿಸಿಲೂ ಇರಲಿಲ್ಲ.

ಮೊದಲು ನಿಕಲ್ ಬಾತ್, ಅಂದರೆ ಜಾಬ್ ಮುಳುಗಿಸುವ ನಿಕಲ್ ದ್ರಾವಣ, ತೆಗೆದುಕೊಳ್ಳೋಣ. ಇವತ್ತಿಗೂ ಹೆಚ್ಚಿನವರು ನಡೆಸುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಆಲಿವರ್ ವಾಟ್ಸ್ 1916ರಲ್ಲಿ ಕೊಟ್ಟ ಬಾತ್ ಅನ್ನೇ. ಲೀಟರಿಗೆ 240ರಿಂದ 300 ಗ್ರಾಂ ನಿಕಲ್ ಸಲ್ಫೇಟ್, 45ರಿಂದ 60 ಗ್ರಾಂ ನಿಕಲ್ ಕ್ಲೋರೈಡ್, 40 ಗ್ರಾಂ ಆಸುಪಾಸು ಬೋರಿಕ್ ಆಸಿಡ್, ಪಿಎಚ್ 4ರ ಹತ್ತಿರ, ಶಾಖ 55ರಿಂದ 60 ಡಿಗ್ರಿ. ನೂರು ವರ್ಷದ ಮೇಲಾದರೂ ಇದರ ಬುನಾದಿ ಬದಲಾಗಿಲ್ಲ. ಬದಲಾದದ್ದು ಬ್ರೈಟ್ನರ್‌ಗಳು ಮಾತ್ರ.

ಈ ಬಾತ್‌ನಲ್ಲಿ ಸಲ್ಫೇಟ್ ತುಂಬಿದೆ. ಅದಕ್ಕೆ ನಮ್ಮ ಬೋರ್‌ವೆಲ್ ನೀರು ಸುರಿದರೆ ಏನಾಗುತ್ತದೆ? ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದಿದ್ದೇ ನೆಲದೊಳಗಿನ ಸುಣ್ಣದ ಕಲ್ಲಿಗಾಗಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಆ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದೆ ಇರುತ್ತದೆಯೇ! ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುವುದು ಇದರಿಂದಲೇ. ಟ್ಯಾಂಕಿನಲ್ಲಿ ಈ ಕ್ಯಾಲ್ಸಿಯಂ ಬಾತ್‌ನ ಸಲ್ಫೇಟ್ ಜೊತೆ ಸೇರಿ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಇದರದು ವಿಚಿತ್ರ ಗುಣ. ಸಕ್ಕರೆ, ಉಪ್ಪು ಎಲ್ಲ ಬಿಸಿ ಮಾಡಿದರೆ ಹೆಚ್ಚು ಕರಗುತ್ತವೆ, ಇದು ಸುಮಾರು 40 ಡಿಗ್ರಿ ದಾಟಿದ ಮೇಲೆ ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. 60 ಡಿಗ್ರಿ ಶಾಖದಲ್ಲಿ ಲೀಟರಿಗೆ ಸುಮಾರು ಅರ್ಧ ಗ್ರಾಂ ಕ್ಯಾಲ್ಸಿಯಂ ದಾಟಿತೆಂದರೆ ಸೂಜಿಯಂಥ ಹರಳುಗಳು ಬೇರ್ಪಡಲು ಶುರು. ಅವು ಜಾಬ್‌ನ ಮೇಲ್ಮುಖದ ಮೇಲೆ ಕೂರುತ್ತವೆ, ಅವುಗಳ ಮೇಲೆ ನಿಕಲ್ ಕೂರುತ್ತದೆ. ಬೆರಳಿಗೆ ಸಿಗುವ ತರಿ ಅದೇ.

"ಅಲ್ರೀ, ಬಾತ್ ಮಾಡುವಾಗ ಒಳ್ಳೆ ನೀರೇ ಹಾಕಿದ್ದೆವಲ್ಲ" ಅಂತ ಕೇಳುವವರಿದ್ದಾರೆ. ಮಾಡುವಾಗ ಹಾಕಿರುತ್ತೀರಿ, ಸರಿ. ದಿನಾ ಬೆಳಿಗ್ಗೆ ಟ್ಯಾಂಕಿನ ಮಟ್ಟ ಇಳಿದಿರುತ್ತದಲ್ಲ, ಅದನ್ನು ತುಂಬುವುದು ಯಾವ ನೀರಿನಿಂದ? ಪೈಪ್ ಹಿಡಿದು ಬೋರ್ ನೀರೇ ತಾನೇ? ಆವಿಯಾಗಿ ಹೋಗುವುದು ಬರೀ ನೀರು, ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ, ಬೇರೆ ನೀರು ಸಿಗದಿದ್ದರೆ 600ರ ತನಕ ಒಪ್ಪುತ್ತಾರೆ. ಆ 600 ಎಲ್ಲವೂ ಕ್ಯಾಲ್ಸಿಯಂನಿಂದಲೇ ಬಂದಿದ್ದರೆ ಲೀಟರಿಗೆ 240 ಮಿಲಿಗ್ರಾಂ ಕ್ಯಾಲ್ಸಿಯಂ ಆಯಿತು. ಅಂದರೆ ಟ್ಯಾಂಕಿನ ಎರಡರಷ್ಟು ನೀರು ಆವಿಯಾಗಿ, ಅಷ್ಟನ್ನು ಬೋರ್ ನೀರಿನಿಂದ ತುಂಬುವ ಹೊತ್ತಿಗೆ ಅರ್ಧ ಗ್ರಾಂ ಹತ್ತಿರ ಬಂದುಬಿಟ್ಟಿರಿ. ಕುಡಿಯಲು ಒಪ್ಪುವ ನೀರಿನ ಕಥೆಯೇ ಇದು. ನಮ್ಮ ಬೇಸಿಗೆಯಲ್ಲಿ, ಅದೂ ಬಿಸಿ ಟ್ಯಾಂಕಿನಿಂದ, ನೀರು ಎಷ್ಟು ಬೇಗ ಹಾರುತ್ತದೆ ಅಂತ ಲೈನ್ ಮೇಲೆ ನಿಂತವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಬಾತ್‌ಗೆ ಹಾಕುವ ಪ್ರತಿ ಹನಿಯೂ ಡಿಎಂ (ಲವಣ ತೆಗೆದ) ನೀರೇ ಆಗಿರಬೇಕು, ಕನಿಷ್ಠ ಆರ್‌ಒ ನೀರಾದರೂ ಆಗಬೇಕು. ಇದರಲ್ಲಿ ರಾಜಿ ಇಲ್ಲ. ಈಗಾಗಲೇ ತರಿ ಬರುತ್ತಿದ್ದರೆ ಬಾತ್ ಅನ್ನು 70 ಡಿಗ್ರಿ ಆಸುಪಾಸಿಗೆ ಏರಿಸಿ, ಹರಳು ಬೇರ್ಪಡಲು ಬಿಟ್ಟು, ಬಿಸಿ ಇರುವಾಗಲೇ ಫಿಲ್ಟರ್ ಮಾಡಬೇಕು. ತಣ್ಣಗಾದ ಮೇಲೆ ಮಾಡಿದರೆ ಬೇರ್ಪಟ್ಟ ಕ್ಯಾಲ್ಸಿಯಂ ಮತ್ತೆ ಕರಗಿ ಒಳಗೇ ಉಳಿಯುತ್ತದೆ.

ಈಗ ತೊಳೆಯುವ ನೀರಿಗೆ ಬರುತ್ತೇನೆ. ನನಗೆ ತುಂಬಾ ಸಂಕಟ ಆಗುವ ಜಾಗ ಇದು. ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ತರಿಸುತ್ತೇವೆ. ಅದೇ ನೀರನ್ನು ಒಂದೇ ರಿನ್ಸ್ ಟ್ಯಾಂಕಿನಲ್ಲಿ ನಲ್ಲಿ ತೆರೆದು ಸುಮ್ನೆ ಹರಿಬಿಡುತ್ತೇವೆ. ಜಾಬ್ ನೇತುಹಾಕಿದ ಜಿಗ್ ಮೇಲೆತ್ತಿದಾಗ ಅದಕ್ಕೆ ಅಂಟಿಕೊಂಡು ಬರುವ ದ್ರಾವಣಕ್ಕೆ ಡ್ರ್ಯಾಗ್ ಔಟ್ ಅನ್ನುತ್ತೇವಲ್ಲ, ಅದು ಗಂಟೆಗೆ ಒಂದು ಲೀಟರ್ ಅಂತ ಇಟ್ಟುಕೊಳ್ಳಿ. ಕೊನೆಯ ತೊಳೆತದಲ್ಲಿ ಅದು ಸಾವಿರ ಪಟ್ಟು ತೆಳುವಾಗಬೇಕು. ಒಂದೇ ಟ್ಯಾಂಕಿದ್ದರೆ ಗಂಟೆಗೆ 1000 ಲೀಟರ್ ನೀರು ಬೇಕು. ಎರಡು ಟ್ಯಾಂಕ್ ಇಟ್ಟು, ಜಾಬ್ ಹೋಗುವ ದಿಕ್ಕಿಗೆ ಎದುರಾಗಿ ನೀರು ಹರಿಸಿದರೆ, ಅಂದರೆ ಹೊಸ ನೀರು ಕೊನೆಯ ಟ್ಯಾಂಕಿಗೆ ಬಿದ್ದು ಅಲ್ಲಿಂದ ಉಕ್ಕಿ ಮೊದಲನೆಯದಕ್ಕೆ ಬರುವಂತೆ ಮಾಡಿದರೆ, ಅದೇ ತೊಳೆತಕ್ಕೆ ಬೇಕಾಗುವುದು ಸುಮಾರು 32 ಲೀಟರ್. ಮೂರು ಟ್ಯಾಂಕ್ ಆದರೆ 10 ಲೀಟರ್ ಸಾಕು. ಸಾವಿರದ ವರ್ಗಮೂಲ, ಸಾವಿರದ ಘನಮೂಲ, ಅಷ್ಟೇ ಲೆಕ್ಕ. ಇದಕ್ಕೆ ಯಾವ ಹೊಸ ಮೆಷಿನ್ನೂ ಬೇಡ. ಇನ್ನೊಂದು ಪಿಪಿ (ಪ್ಲಾಸ್ಟಿಕ್) ಟ್ಯಾಂಕು, ಒಂದು ಪೈಪು, ಎರಡಡಿ ಜಾಗ. ನಮ್ಮ ಸಾಹುಕಾರರಿಗೆ ಈ ಲೆಕ್ಕವನ್ನು ಟ್ಯಾಂಕರ್ ಬಿಲ್ಲಿನ ಹಿಂದೆಯೇ ಬರೆದು ತೋರಿಸಿದ್ದೆ. "ಹೌದೇನ್ರೀ?" ಅಂದರು, ಮರುವಾರ ಟ್ಯಾಂಕ್ ಬಂತು.

ಇನ್ನೊಂದು ವಿಷಯ, ಇದು ನಮ್ಮ ಬಿಸಿಲು ನಮಗೆ ಮಾಡುವ ಉಪಕಾರ. ನಿಕಲ್ ಟ್ಯಾಂಕ್ ಆದ ತಕ್ಷಣ ಹರಿಯದ ಒಂದು ತೊಳೆತದ ಟ್ಯಾಂಕ್ ಇಡಿ, ಡಿಎಂ ನೀರು ತುಂಬಿಸಿ. ಜಿಗ್‌ಗಳು ಅದರಲ್ಲಿ ಮುಳುಗಿ ಮುಳುಗಿ ಅಲ್ಲಿ ನಿಕಲ್ ಸೇರುತ್ತಾ ಹೋಗುತ್ತದೆ. ಬೆಳಿಗ್ಗೆ ಬಾತ್ ಮಟ್ಟ ಇಳಿದಷ್ಟನ್ನು ಈ ನೀರಿನಿಂದಲೇ ತುಂಬಿ. ಚರಂಡಿಗೆ ಹೋಗಬೇಕಿದ್ದ ನಿಕಲ್ ವಾಪಸ್ ಬಾತ್‌ಗೆ ಬಂತು. ತಣ್ಣನೆಯ ಊರುಗಳಲ್ಲಿ ಬಾತ್ ಮಟ್ಟ ಅಷ್ಟು ಇಳಿಯುವುದೇ ಇಲ್ಲ, ಹಾಗಾಗಿ ವಾಪಸ್ ಹಾಕಲು ಅಷ್ಟು ಜಾಗ ಸಿಗುವುದಿಲ್ಲ. ನಮಗೆ ಮೇ ತಿಂಗಳಲ್ಲಿ ಬೇಕಾದಷ್ಟು ಜಾಗ. ಇದನ್ನು ಬೋರ್ ನೀರಿನಲ್ಲಿ ಮಾಡಲೇಬೇಡಿ, ಕ್ಯಾಲ್ಸಿಯಂ ಮತ್ತೆ ಒಳಗೆ ಬರುತ್ತದೆ. ಜಿಗ್ ಎತ್ತಿದ ಮೇಲೆ ಟ್ಯಾಂಕಿನ ಮೇಲೆಯೇ ಹತ್ತು ಹದಿನೈದು ಸೆಕೆಂಡ್ ಹಿಡಿಯುವುದೂ ಮುಖ್ಯ. ಅವಸರದಲ್ಲಿ ಎಲ್ಲರೂ ಬಿಡುವುದು ಅದನ್ನೇ.

ಬಿಸಿಲು ಉಪಕಾರ ಮಾಡುವುದು ಅಲ್ಲಿಗೇ ಮುಗಿಯಿತು. ಆಸಿಡ್ ಜಿಂಕ್ ಬಾತ್‌ಗೆ ನಮ್ಮ ಬೇಸಿಗೆ ಆಗಿಬರುವುದಿಲ್ಲ. 42 ಡಿಗ್ರಿ ಹೊರಗಿದೆ, ಮೇಲೆ ತಗಡಿನ ಶೆಡ್. ಸಣ್ಣ ಜಾಬ್ ತುಂಬಿ ತಿರುಗಿಸುವ ಬ್ಯಾರೆಲ್‌ಗೆ 8 ವೋಲ್ಟ್‌ನಲ್ಲಿ 1000 ಆಂಪಿಯರ್ ಕೊಟ್ಟರೆ 8 ಕಿಲೋವ್ಯಾಟ್ ಆಯಿತು, ಅದರಲ್ಲಿ ಬಹುಪಾಲು ಶಾಖವಾಗಿ ದ್ರಾವಣಕ್ಕೇ ಸೇರುತ್ತದೆ. ಜಿಂಕ್ ಬ್ರೈಟ್ನರ್‌ಗೆ ಒಂದು ಮಿತಿ ಇರುತ್ತದೆ. ಅದಕ್ಕಿಂತ ಬಿಸಿಯಾದರೆ ಬ್ರೈಟ್ನರ್ ನೀರಿನಲ್ಲಿ ಕರಗಿ ಇರಲಾರದೆ ಬೇರ್ಪಡುತ್ತದೆ, ಬಾತ್ ಹಾಲಿನ ಹಾಗೆ ಮಬ್ಬಾಗುತ್ತದೆ, ಮೇಲೆ ಎಣ್ಣೆಯಂಥ ಜಿಡ್ಡು ತೇಲುತ್ತದೆ. ಇಂಥ ಹೊತ್ತಿನಲ್ಲಿ ಇನ್ನಷ್ಟು ಬ್ರೈಟ್ನರ್ ಸುರಿಯುವುದು ಪೂರ್ತಿ ತಪ್ಪು ದಾರಿ. ಹಾಕಿದ್ದೂ ಬೇರ್ಪಟ್ಟು ತೇಲುತ್ತದೆ, ಜಾಬ್ ಮೇಲೆ ಜಿಡ್ಡು ಕೂತು, ಆಮೇಲೆ ತುಕ್ಕು ತಡೆಯಲು ಮಾಡುವ ಪ್ಯಾಸಿವೇಶನ್‌ನಲ್ಲಿ ಕಲೆ ಬೀಳುತ್ತದೆ.

ನಿಮ್ಮ ಬಾತ್‌ನ ಈ ಮಿತಿ ಎಷ್ಟು ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಂದು ಗಾಜಿನ ಬೀಕರ್‌ನಲ್ಲಿ ಬಾತ್ ತೆಗೆದುಕೊಂಡು ಥರ್ಮಾಮೀಟರ್ ಇಟ್ಟು ನಿಧಾನಕ್ಕೆ ಕಾಯಿಸಿ. ಯಾವ ಶಾಖದಲ್ಲಿ ಮಬ್ಬಾಯಿತೋ ಅದೇ ಮಿತಿ. ಏಪ್ರಿಲ್ ಬರುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ. ಕೆಲವು ಹೊಸ ಬ್ರೈಟ್ನರ್‌ಗಳು ಹೆಚ್ಚು ಶಾಖ ತಡೆಯುತ್ತವೆ, ನಮ್ಮ ಕಡೆಯವರು ದರ ಕೇಳುವ ಮೊದಲು ಈ ಅಂಕಿ ಕೇಳಬೇಕು. ಆಸಿಡ್ ಕಾಪರ್‌ಗೂ 20ರಿಂದ 30 ಡಿಗ್ರಿಯೇ ಹಿತ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸುವ ಆನೋಡೈಸಿಂಗ್‌ಗೆ 18ರಿಂದ 22. 25 ದಾಟಿದರೆ ಪದರ ಮೆತ್ತಗಾಗಿ ಪುಡಿ ಪುಡಿಯಾಗಿ ಕೈಗೆ ಹತ್ತುತ್ತದೆ. ಚಿಲ್ಲರ್ ಇಲ್ಲದೆ ಕಲಬುರಗಿಯಲ್ಲಿ ಆನೋಡೈಸಿಂಗ್ ಶುರು ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ.

ಹಾಗಾದರೆ ಕಾರಣ ನೀರೋ, ಬಿಸಿಲೋ, ಬ್ರೈಟ್ನರೋ ಅಂತ ಬಿಡಿಸಿ ನೋಡುವುದು ಹೇಗೆ? ಅದಕ್ಕೆ ಹಲ್ ಸೆಲ್. ಆರ್. ಒ. ಹಲ್ ಎಂಬವರು 1939ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಓರೆಯಾದ ಒಂದು ಗೋಡೆ ಇರುವ ಸಣ್ಣ ಡಬ್ಬಿ, ಹಿಡಿಯುವುದು 267 ಮಿಲಿಲೀಟರ್. ಓರೆ ಗೋಡೆಗೆ 10 ಸೆಂಟಿಮೀಟರ್ ಉದ್ದದ ತಗಡು ಆನಿಸಿ, 2 ಆಂಪಿಯರ್ ಕೊಟ್ಟು ಐದರಿಂದ ಹತ್ತು ನಿಮಿಷ ಪ್ಲೇಟ್ ಮಾಡಿದರೆ, ಆನೋಡ್‌ಗೆ (ಕರೆಂಟಿನ ಪ್ಲಸ್ ಕಡೆಗೆ) ಹತ್ತಿರದ ತುದಿಯಲ್ಲಿ ಚದರ ಡೆಸಿಮೀಟರಿಗೆ 10 ಆಂಪಿಯರ್‌ನಷ್ಟು ಕರೆಂಟ್, ದೂರದ ತುದಿಯಲ್ಲಿ ಅರ್ಧ ಆಂಪಿಯರ್‌ಗೂ ಕಡಿಮೆ. ಒಂದೇ ತಗಡಿನ ಮೇಲೆ ಟ್ಯಾಂಕಿನ ಪೂರ್ತಿ ಜಾತಕ. ಹೆಚ್ಚು ಕರೆಂಟಿನ ತುದಿ ಸುಟ್ಟಿದ್ದರೆ ಲೋಹ ಕಡಿಮೆ ಇದೆಯೋ, ಬೋರಿಕ್ ಕಡಿಮೆ ಇದೆಯೋ ನೋಡಬೇಕು. ಕಡಿಮೆ ಕರೆಂಟಿನ ಕಡೆ ಕಪ್ಪಾಗಿದ್ದರೆ ನಿಕಲ್‌ನಲ್ಲಿ ತಾಮ್ರವೋ ಜಿಂಕೋ ಸೇರಿದೆ ಅಂತ ಅನುಮಾನ ಪಡಬೇಕು. ಹಿತ್ತಾಳೆ ಸಾಮಾನು ಟ್ಯಾಂಕಿಗೆ ಬಿದ್ದಿದ್ದನ್ನು ಯಾರೂ ತೆಗೆಯದೆ ಬಿಟ್ಟರೆ ಹೀಗಾಗುತ್ತದೆ. ಆಗ ಸುಕ್ಕು ತಗಡು ಇಳಿಬಿಟ್ಟು ಕಡಿಮೆ ಕರೆಂಟಿನಲ್ಲಿ ರಾತ್ರಿಯಿಡೀ ಡಮ್ಮಿ ಓಡಿಸಬೇಕು, ಬೇಡದ ಲೋಹ ಆ ತಗಡಿನ ಮೇಲೆ ಕೂರುತ್ತದೆ. ಕ್ಯಾಲ್ಸಿಯಂ ತರಿ ನೋಡಲು ತಗಡಿನ ಕೆಳತುದಿಯನ್ನು ಅಡ್ಡಕ್ಕೆ ಮಡಚಿ ಹಾಕಿ, ಮೇಲಿಂದ ಇಳಿಯುವ ಹರಳುಗಳು ಆ ಮಡಿಕೆಯ ಮೇಲೆ ಕೂರುತ್ತವೆ.

ಪರೀಕ್ಷೆ ಮಾಡದೆ ಟ್ಯಾಂಕಿಗೆ ಏನೂ ಹಾಕಬಾರದು. ಮೊದಲು 267 ಮಿಲಿಲೀಟರಿನಲ್ಲಿ ಹಾಕಿ ನೋಡಿ, ಸರಿ ಬಂದರೆ ಆಮೇಲೆ 1000 ಲೀಟರಿಗೆ. ಇದನ್ನೇ ನಾನು ಸಂಶೋಧನೆ ಅನ್ನುತ್ತೇನೆ. ದಿನಾಂಕ, ಶಾಖ, ಪಿಎಚ್ ಬರೆದು ತಗಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟರೆ ಒಂದು ವರ್ಷದಲ್ಲಿ ನಿಮ್ಮ ಟ್ಯಾಂಕಿನ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲದ ವಿಷಯ ನಿಮ್ಮ ಕೈಯಲ್ಲಿರುತ್ತದೆ.

ಬೀದರಿನವಳಾಗಿ ಬಿದರಿ ಬಗ್ಗೆ ಹೇಳದೆ ಹೋದರೆ ಮನಸ್ಸು ಒಪ್ಪುವುದಿಲ್ಲ. ವಿಷಯಕ್ಕೂ ಸಂಬಂಧ ಇದೆ. ಬಿದರಿ ಸಾಮಾನಿನ ಲೋಹ ಹೆಚ್ಚಿನಂಶ ಜಿಂಕ್, ಸ್ವಲ್ಪ ತಾಮ್ರ. ಎರಕ ಹೊಯ್ದು ಅರದಿಂದ ನಯ ಮಾಡಿದ ಮೇಲೆ ಕುಶಲಕರ್ಮಿಗಳು ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಮೇಲ್ಮೈ ತಕ್ಷಣ ಕಪ್ಪಗಾಗುತ್ತದೆ, ಆ ಕಪ್ಪಿನ ಮೇಲೆ ಗೀರಿದ ಗೆರೆ ಚೆನ್ನಾಗಿ ಕಾಣುತ್ತದೆ. ಇಲ್ಲಿ ನಡೆಯುವುದು ಕರೆಂಟಿಲ್ಲದ ಪ್ಲೇಟಿಂಗ್. ಜಿಂಕ್ ಕರಗಿ ದ್ರಾವಣಕ್ಕೆ ಹೋಗುತ್ತದೆ, ತಾಮ್ರ ಅದರ ಜಾಗದಲ್ಲಿ ಪುಡಿಯಂತೆ ಕೂರುತ್ತದೆ. ಎರಡರ ನಡುವಿನ 1.1 ವೋಲ್ಟ್ ವ್ಯತ್ಯಾಸವೇ ಈ ಕೆಲಸ ಮಾಡಿಸುತ್ತದೆ. ಈ ಪದರ ಅಂಟಿಕೊಂಡಿರುವುದಿಲ್ಲ, ಬೆಳ್ಳಿ ತಂತಿ ಕೂರಿಸಿ ತಿಕ್ಕಿದರೆ ಹೋಗಿಬಿಡುತ್ತದೆ. ಅವರಿಗೆ ಬೇಕಾದದ್ದೂ ಅದೇ. ಕೊನೆಯ ಗಟ್ಟಿ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ.

ಅಲ್ಲಿ ಬೇಕಾದ ಗುಣವೇ ನಮ್ಮಲ್ಲಿ ತೊಂದರೆ. ಜಿಂಕ್ ಎರಕದ ಹ್ಯಾಂಡಲ್ಲು, ಚಿಲಕ ಪ್ಲೇಟಿಂಗ್‌ಗೆ ಬಂದಾಗ ನೇರ ಆಸಿಡ್ ಕಾಪರ್‌ಗೆ ಇಳಿಸಿದರೆ ಅದೇ ಅಂಟದ ತಾಮ್ರ ಮೊದಲು ಕೂರುತ್ತದೆ, ಅದರ ಮೇಲೆ ಎಷ್ಟೇ ಚೆಂದದ ನಿಕಲ್ ಕ್ರೋಮ್ ಮಾಡಿದರೂ ಗುಳ್ಳೆ ಎದ್ದು ಸಿಪ್ಪೆ ಬರುತ್ತದೆ. ಅದಕ್ಕೇ ಮೊದಲು ಸಯನೈಡ್ ಕಾಪರ್ ಸ್ಟ್ರೈಕ್ (ತೆಳುವಾದ ಮೊದಲ ಪದರ) ಕೊಡುವುದು. ಅದರಲ್ಲಿ ತಾಮ್ರವನ್ನು ಸಯನೈಡ್ ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ ಕರೆಂಟ್ ಇಲ್ಲದೆ ಸುಮ್ಮನೆ ಬಂದು ಕೂರುವುದಿಲ್ಲ. ಸಯನೈಡ್ ಇಲ್ಲದ ಆಲ್ಕಲೈನ್ ಕಾಪರ್ ಈಗ ಸಿಗುತ್ತದೆ. ನಡೆಸಲು ಸ್ವಲ್ಪ ಕಷ್ಟ, ಆದರೂ ನಾನು ಅದರ ಪರ. ಸಯನೈಡ್ ಇರುವ ಕಡೆ ಆಸಿಡ್ ತಾಕಿದರೆ ಹೊರಡುವ ಗಾಳಿ ಜೀವ ತೆಗೆಯುತ್ತದೆ. ಎರಡರ ನೀರೂ ಒಂದೇ ಚರಂಡಿಗೆ ಸೇರುವ ಅಂಗಡಿಯಲ್ಲಿ ಯಾರೂ ಕೆಲಸಕ್ಕೆ ನಿಲ್ಲಬಾರದು.

ಕ್ರೋಮ್ ಬಗ್ಗೆಯೂ ಹೇಳಿಬಿಡುತ್ತೇನೆ. ಹೈಡ್ರಾಲಿಕ್ ರಾಡಿಗೆ ಹಾಕುವ ಹಾರ್ಡ್ ಕ್ರೋಮ್ ಬಾತ್ ಅಂದರೆ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫ್ಯೂರಿಕ್. ಕೊಟ್ಟ ಕರೆಂಟಿನಲ್ಲಿ ನೂರಕ್ಕೆ 10ರಿಂದ 20 ಪಾಲು ಮಾತ್ರ ಲೋಹ ಕೂರಿಸಲು ಆಗುತ್ತದೆ. ಹೆಚ್ಚಿನದೆಲ್ಲ ಹೈಡ್ರೋಜನ್ ಗುಳ್ಳೆ ಮಾಡಲು ಹೋಗುತ್ತದೆ. ಆ ಗುಳ್ಳೆ ಒಡೆದು ಹಳದಿ ಮಂಜು ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಮೂಗಿನ ನಡುವಿನ ಗೋಡೆಯೇ ತೂತು ಬೀಳುತ್ತದೆ, ಶ್ವಾಸಕೋಶದ ಕ್ಯಾನ್ಸರ್ ತನಕ ಹೋಗುತ್ತದೆ. ಎಕ್ಸಾಸ್ಟ್ ಹಾಕಿಸುವುದು ದುಬಾರಿ ಅಂತ ಹೇಳುವವರ ಜೊತೆ ನಾನು ವಾದ ಮಾಡುತ್ತಲೇ ಇರುತ್ತೇನೆ. ಲೈನ್ ಮೇಲಿನ ಅಣ್ಣಂದಿರು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ನಿಂತರೆ ಅದು ರಕ್ಷಣೆ ಅಲ್ಲ. ತೊಳೆದ ನೀರಿಗೂ ಅಷ್ಟೇ ಜವಾಬ್ದಾರಿ ಬೇಕು. ಹಳದಿ ನೀರನ್ನು ಪಿಎಚ್ 2.5ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹಸಿರಾಗುವ ತನಕ ಕಾಯಬೇಕು, ಆಮೇಲೆ ಸುಣ್ಣ ಹಾಕಿ 8ರ ಮೇಲೆ ಏರಿಸಿ ಕೆಸರು ಇಳಿಸಬೇಕು. ಹಳ್ಳ ಕೊಳ್ಳಕ್ಕೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಈ ವಿಷದ ಹಳದಿ ಕ್ರೋಮ್, ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ಇದೆ. ಬರೀ ಸುಣ್ಣ ಹಾಕಿದರೆ ಈ ಹಳದಿ ಕ್ರೋಮ್ ಕೆಳಗೆ ಇಳಿಯುವುದಿಲ್ಲ, ಹಾಗೇ ಹೊರಗೆ ಹೋಗಿ ಯಾರದೋ ಬೋರ್‌ವೆಲ್ ಸೇರುತ್ತದೆ.

ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ಅನುಮತಿ ಇಲ್ಲದೆ ಕ್ರೋಮಿಕ್ ಆಸಿಡ್ ಬಳಸುವಂತಿಲ್ಲ. ಅದಕ್ಕೆ ಬದಲಾಗಿ ಬಂದ, ಕಡಿಮೆ ವಿಷದ ಟ್ರೈವೇಲೆಂಟ್ ಕ್ರೋಮ್‌ನಲ್ಲಿ ಹೊಳಪಿನ ತೆಳು ಪದರ ಆಗಲೇ ಚೆನ್ನಾಗಿ ಬರುತ್ತಿದೆ. ದಪ್ಪ ಹಾರ್ಡ್ ಕ್ರೋಮ್‌ಗೆ ಅದನ್ನು ಒಗ್ಗಿಸುವುದೇ ಈಗ ಸಂಶೋಧಕರು ಗುದ್ದಾಡುತ್ತಿರುವ ಜಾಗ. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ದೊಡ್ಡ ಮನೆ ಅಂದರೆ ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ. ಅಳಗಪ್ಪ ಚೆಟ್ಟಿಯಾರ್ 300 ಎಕರೆ ನೆಲ, 15 ಲಕ್ಷ ರೂಪಾಯಿ ಕೊಟ್ಟು ಅದು ಬರುವ ಹಾಗೆ ಮಾಡಿದರು. 1948ರಲ್ಲಿ ಅಡಿಗಲ್ಲು, 1953ರಲ್ಲಿ ಉದ್ಘಾಟನೆ. ಒಂದು ಒಣ ಊರಿನಲ್ಲಿ ಅಂಥ ಕೆಲಸ ಸಾಧ್ಯವಾಗಿದೆ, ಅಲ್ವಾ?

ನಮ್ಮ ಕಡೆಯ ಬಿಎಸ್ಸಿ, ಎಂಎಸ್ಸಿ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ವಿಷಯ ಕೊಡಿ ಅಂತ ಆಗಾಗ ಕೇಳುತ್ತಾರೆ. ಬೇರೆಲ್ಲೋ ಆಗಿರುವುದನ್ನು ಮತ್ತೆ ಮಾಡಬೇಡಿ. ಸೇಡಂ, ಶಹಾಬಾದ್, ಹುಮನಾಬಾದ್, ಯಾದಗಿರಿ, ನಾಲ್ಕು ಕಡೆಯ ಬೋರ್ ನೀರು ತನ್ನಿ. ಇಡಿಟಿಎ ಟೈಟ್ರೇಶನ್‌ನಲ್ಲಿ ಕ್ಯಾಲ್ಸಿಯಂ ಎಷ್ಟು ಅಂತ ಅಳೆಯಿರಿ, ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆಯಾಗಿ. ಆ ನೀರು ಬಳಸಿ ವಾಟ್ಸ್ ಬಾತ್ ಮಾಡಿ, 60 ಡಿಗ್ರಿಯಲ್ಲಿ ಆವಿಯಾದಷ್ಟನ್ನು ಅದೇ ನೀರಿನಿಂದ ತುಂಬುತ್ತಾ ಹೋಗಿ, ಯಾವ ಹಂತದಲ್ಲಿ ಮಡಚಿದ ತಗಡಿನ ಮೇಲೆ ಮೊದಲ ತರಿ ಕಾಣುತ್ತದೆ ಅಂತ ಬರೆದಿಡಿ. ಈ ಪಟ್ಟಿ ಇಲ್ಲಿನ ಪ್ರತಿ ಅಂಗಡಿಯ ಗೋಡೆಗೂ ಬೇಕು. ಹಲ್ ಸೆಲ್ ನಮ್ಮಲ್ಲಿದೆ, ತಗಡು ಕತ್ತರಿಸಿ ಕೊಡುತ್ತೇನೆ. ನೀರು ಮಾತ್ರ ನೀವೇ ತರಬೇಕು. ಬಾಟಲಿ ಮೇಲೆ ಊರು, ಬೋರಿನ ಆಳ, ತಾರೀಖು ಬರೆದಿರಲಿ.